ಸುಗಂಧತೈಲ ಮತ್ತು ಮಿತಿ: ಮಾನ್ಯಖೇಟದ ನೆಲದಲ್ಲಿ ಅಭ್ಯಂಗದ ವಿಚಾರ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ಹೆಸರುಗಳನ್ನು ಕೇಳಿದೊಡನೆ ಇಂದು ನೆನಪಾಗುವುದು ಸುಣ್ಣದ ಕಲ್ಲು, ಸಿಮೆಂಟು, ಫರಸಿ ಮತ್ತು ತೊಗರಿ. ಸುಗಂಧತೈಲಕ್ಕೂ ಈ ಬಿಸಿಲ ನಾಡಿಗೂ ಏನು ನಂಟು ಎಂದು ಯಾರಾದರೂ ಕೇಳಿದರೆ ಅದು ಅಸಹಜವಲ್ಲ. ಆದರೆ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೊಸದಾಗಿ ಹೇಳಬೇಕಿಲ್ಲ. ಕವಿರಾಜಮಾರ್ಗ ರೂಪುಗೊಂಡ ಆಸ್ಥಾನ ಅದು. ಜಿನಸೇನ, ಗುಣಭದ್ರ, ಮಹಾವೀರಾಚಾರ್ಯ, ಶಾಕಟಾಯನರ ಹೆಸರುಗಳು ಬೆಸೆದುಕೊಂಡ ಕಾಲ ಅದು. ಅದೇ ಆಸ್ಥಾನದೊಡನೆ ಒಂದು ವೈದ್ಯಗ್ರಂಥದ ನೆನಪೂ ಕೂಡಿಕೊಂಡಿದೆ. ಸಾಹಿತ್ಯಚರಿತ್ರೆಯ ಪಾಠಗಳಲ್ಲಿ ಅದಕ್ಕೆ ಸಿಗುವುದು ಹೆಚ್ಚೆಂದರೆ ಒಂದು ಸಾಲು. ಅದು ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ಎಸೆನ್ಷಿಯಲ್ ಆಯಿಲ್ ಎಂಬ ಹೆಸರಿನ ಸಣ್ಣ ಸೀಸೆಗಳು ಈಗ ತಾಲ್ಲೂಕು ಕೇಂದ್ರಗಳ ಅಂಗಡಿಗಳನ್ನೂ ತಲುಪಿವೆ. ಅವುಗಳ ಮಾಲೀಸಿನಿಂದ ನಿದ್ರೆ ಬರುತ್ತದೆ, ನೋವು ಹೋಗುತ್ತದೆ, ಚರ್ಮ ಹೊಳೆಯುತ್ತದೆ, ರೋಗಗಳು ದೂರವಾಗುತ್ತವೆ ಎಂಬ ಪ್ರಚಾರದ ಜೊತೆಗೆ ಇದು ಪೂರ್ವಿಕರ ಪ್ರಾಚೀನ ವಿದ್ಯೆ ಎಂಬ ಮುದ್ರೆಯನ್ನೂ ಒತ್ತಲಾಗುತ್ತಿದೆ. ಒಂದು ವರ್ಗ ಇದನ್ನು ಪೂರ್ತಿ ನಂಬುತ್ತದೆ. ಇನ್ನೊಂದು ವರ್ಗ ಪೂರ್ತಿ ನಗೆಯಾಡುತ್ತದೆ. ಇಬ್ಬರೂ ಪೂರ್ವಿಕರ ಗ್ರಂಥಗಳನ್ನು ತೆರೆದು ನೋಡುವುದಿಲ್ಲ. ನೋಡಿದರೆ ತಿಳಿಯುವ ಸಂಗತಿ ಬೇರೆಯೇ ಆಗಿದೆ: ದೇಹವನ್ನು ತೊರೆಯಬೇಕೆಂದು ಕಲಿಸಿದ ಜೈನ ಪರಂಪರೆಯೇ ಅಭ್ಯಂಗದ ಪ್ರಯೋಜನವನ್ನು ಸ್ಪಷ್ಟವಾಗಿ ಒಪ್ಪಿದೆ, ಅದಕ್ಕೆ ಮಿತಿಯನ್ನು ಹಾಕಿದೆ ಮತ್ತು ಮಿತಿ ತಪ್ಪಿದರೆ ಆಗುವ ಅಪಾಯವನ್ನು ಕಾವ್ಯದಲ್ಲಿ ಚಿತ್ರಿಸಿದೆ. ಈ ಮೂರನ್ನೂ ಒಟ್ಟಿಗೆ ಓದಿದಾಗ ಮಾತ್ರ ಅಭ್ಯಂಗವನ್ನು ಕುರಿತ ನ್ಯಾಯವಾದ ಅಭಿಪ್ರಾಯ ಸಾಧ್ಯ.

ಮೊದಲು ಉಗ್ರಾದಿತ್ಯರ ನಿಲುವು. ಅವರು ಶ್ರೀನಂದಿ ಗುರುಗಳ ಶಿಷ್ಯರು. ವೆಂಗಿನಾಡಿನ ರಾಮಗಿರಿಯಲ್ಲಿದ್ದು ಗ್ರಂಥ ರಚಿಸಿದವರು. ಕೃತಿಯ ಕೊನೆಗೆ ಸೇರಿರುವ ಹಿತಾಹಿತಾಧ್ಯಾಯವು ನೃಪತುಂಗವಲ್ಲಭನ ಸಭೆಯಲ್ಲಿ, ವೈದ್ಯರೂ ವಿದ್ವಾಂಸರೂ ನೆರೆದಿದ್ದಾಗ, ಮಾಂಸಾಹಾರದ ನಿಷ್ಫಲತೆಯನ್ನು ಪ್ರತಿಪಾದಿಸಿದ ಸಂದರ್ಭವನ್ನು ದಾಖಲಿಸುತ್ತದೆ. ಗ್ರಂಥವನ್ನು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸಂಪಾದಿಸಿ 1940ರಲ್ಲಿ ಸೊಲ್ಲಾಪುರದಿಂದ ಪ್ರಕಟಿಸಿದರು. ಆಯುರ್ವೇದವು ನಾಲ್ಕು ಬಗೆಯ ಸ್ನೇಹಗಳನ್ನು ಹೇಳುತ್ತದೆ: ತುಪ್ಪ, ಎಣ್ಣೆ, ವಸೆ ಮತ್ತು ಮಜ್ಜೆ. ಕೊನೆಯ ಎರಡು ಪ್ರಾಣಿಯ ಕೊಬ್ಬು ಮತ್ತು ಎಲುಬಿನೊಳಗಿನ ನೆಣ. ಉಗ್ರಾದಿತ್ಯರ ನಿಲುವನ್ನು ಅಭ್ಯಂಗಕ್ಕೆ ಅನ್ವಯಿಸಿದರೆ ಉಳಿಯುವುದು ತುಪ್ಪ ಮತ್ತು ಎಣ್ಣೆ ಮಾತ್ರ. ಔಷಧವೆಂಬ ಕಾರಣಕ್ಕೆ ಹಿಂಸೆಗೆ ವಿನಾಯಿತಿ ಇಲ್ಲ ಎಂಬುದು ಈ ವಾದದ ತಿರುಳು. ವೈದ್ಯಶಾಸ್ತ್ರವನ್ನು ನೀತಿಯ ಪ್ರಶ್ನೆಯಿಂದ ಬೇರ್ಪಡಿಸದ ಈ ದೃಷ್ಟಿಯೇ ಕಲ್ಯಾಣಕಾರಕದ ಹೆಗ್ಗಳಿಕೆ.

ಇಲ್ಲೊಂದು ವಿರೋಧಾಭಾಸ ಕಾಣುತ್ತದೆ. ದಿಗಂಬರ ಮುನಿಯ ಇಪ್ಪತ್ತೆಂಟು ಮೂಲಗುಣಗಳಲ್ಲಿ ಅಸ್ನಾನವೂ ಒಂದು. ಶ್ವೇತಾಂಬರರ ದಶವೈಕಾಲಿಕ ಸೂತ್ರದ ಮೂರನೆಯ ಅಧ್ಯಯನವು ಸಾಧುವು ಆಚರಿಸಬಾರದವುಗಳ ಪಟ್ಟಿಯಲ್ಲಿ ಸ್ನಾನ, ಗಂಧಮಾಲ್ಯ, ಅಂಗಮರ್ದನ ಮತ್ತು ಗಾತ್ರಾಭ್ಯಂಗವನ್ನು ಹೆಸರಿಸುತ್ತದೆ. ಹಾಗಾದರೆ ತಾನು ಸ್ನಾನವನ್ನೇ ತೊರೆದ ಮುನಿ ಪರರಿಗಾಗಿ ಸ್ನೇಹನ, ಸ್ವೇದನ, ವಾತರೋಗಗಳ ಉಪಚಾರವನ್ನು ಬರೆದದ್ದೇಕೆ? ಉತ್ತರ ಸರಳವಾಗಿದೆ. ಮುನಿಯ ತ್ಯಾಗವು ತಾನು ಬಯಸಿ ಕೈಗೊಂಡದ್ದು. ರೋಗಿಯ ನೋವು ಬಯಸದೆ ಬಂದದ್ದು. ತನ್ನ ವ್ರತವನ್ನು ಇನ್ನೊಬ್ಬರ ನೋವಿನ ಮೇಲೆ ಹೇರದಿರುವುದು ಕರುಣೆಯ ಲಕ್ಷಣ. ಜೈನ ಪರಂಪರೆಯಲ್ಲಿ ಔಷಧದಾನವು ಆಹಾರ, ಶಾಸ್ತ್ರ, ಅಭಯಗಳ ಜೊತೆಗೆ ಚತುರ್ವಿಧ ದಾನಗಳಲ್ಲಿ ಸೇರಿರುವುದನ್ನು ನೆನೆದರೆ ಈ ವಿರೋಧಾಭಾಸ ತಾನಾಗಿ ಕರಗುತ್ತದೆ.

ಅಭ್ಯಂಗದ ಪ್ರಯೋಜನಗಳನ್ನು ಹೇಳುವ ವಿವರವಾದ ವರ್ಣನೆಯೊಂದು ಕಲ್ಪಸೂತ್ರದಲ್ಲಿ ಸಿಗುತ್ತದೆ. ಅದು ಶ್ವೇತಾಂಬರ ಆಗಮವೆಂಬುದು ನಿಜ. ಆದರೆ ಆಗಮಗಳನ್ನು ಮನ್ನಿಸುತ್ತಿದ್ದ ಯಾಪನೀಯ ಸಂಘಕ್ಕೆ ಕರ್ನಾಟಕದಲ್ಲಿ ದೊಡ್ಡ ನೆಲೆಯಿತ್ತು. ತನ್ನ ವ್ಯಾಕರಣದ ವೃತ್ತಿಗೆ ಅಮೋಘವರ್ಷನ ಹೆಸರನ್ನಿಟ್ಟ ಶಾಕಟಾಯನನೇ ಯಾಪನೀಯ. ಆದ್ದರಿಂದ ಈ ಸಾಹಿತ್ಯ ಮಾನ್ಯಖೇಟದ ವಿದ್ವತ್ತಿಗೆ ಪರಕೀಯವಾಗಿತ್ತು ಎನ್ನಲಾಗದು. ತ್ರಿಶಲೆಯ ಸ್ವಪ್ನಗಳ ಮರುದಿನ ಬೆಳಗ್ಗೆ ಸಿದ್ಧಾರ್ಥ ರಾಜನು ಗರಡಿಗೆ ಹೋಗಿ ಸಾಮು ಮಾಡಿ ದಣಿಯುತ್ತಾನೆ. ಬಳಿಕ ಶತಪಾಕ, ಸಹಸ್ರಪಾಕವೆಂಬ ಸುಗಂಧತೈಲಗಳಿಂದ ಅವನಿಗೆ ಮರ್ದನವಾಗುತ್ತದೆ. ನೂರು ಸಲ ಪಾಕಗೊಂಡದ್ದೋ, ನೂರು ಮೂಲಿಕೆಗಳಿಂದ ಪಾಕಗೊಂಡದ್ದೋ, ನೂರು ನಾಣ್ಯ ಬೆಲೆಯದ್ದೋ ಎಂದು ವ್ಯಾಖ್ಯಾನಕಾರರು ಶತಪಾಕ ಶಬ್ದಕ್ಕೆ ಹಲವು ಅರ್ಥ ಹೇಳಿದ್ದಾರೆ. ಮುಖ್ಯವಾದದ್ದು ಅಲ್ಲಿ ಹೇಳಿದ ಫಲ: ಆ ಮರ್ದನ ಎಲುಬಿಗೆ, ಮಾಂಸಕ್ಕೆ, ಚರ್ಮಕ್ಕೆ, ರೋಮಕ್ಕೆ ಹೀಗೆ ನಾಲ್ಕು ಬಗೆಯಲ್ಲಿ ಸುಖಕರ; ದಣಿವನ್ನು ನೀಗುತ್ತದೆ. ಅಷ್ಟೇ. ಸಕಲ ರೋಗ ನಿವಾರಣೆ, ದೀರ್ಘಾಯುಷ್ಯ, ಕರ್ಮಕ್ಷಯ ಇಂಥ ಯಾವ ಮಾತೂ ಅಲ್ಲಿಲ್ಲ. ಇಂದಿನ ಸೀಸೆಗಳ ಮೇಲಿನ ಬರಹಕ್ಕಿಂತ ಆ ಪ್ರಾಚೀನ ಸೂತ್ರವೇ ಹೆಚ್ಚು ಸಂಯಮದಿಂದ ಮಾತಾಡಿದೆ.

ಪ್ರಯೋಜನದ ಬೆನ್ನಲ್ಲೇ ಮಿತಿ ಬರುತ್ತದೆ. ಉಪಾಸಕದಶಾ ಸೂತ್ರದ ಮೊದಲ ಅಧ್ಯಯನದಲ್ಲಿ ವಾಣಿಜ್ಯಗ್ರಾಮದ ಶ್ರೀಮಂತ ಗೃಹಸ್ಥ ಆನಂದನು ಭಗವಾನ್ ಮಹಾವೀರರ ಬಳಿ ವ್ರತಗಳನ್ನು ಸ್ವೀಕರಿಸುತ್ತಾನೆ. ಅವನು ಅಭ್ಯಂಗವನ್ನು ಬಿಡುವುದಿಲ್ಲ. ಶತಪಾಕ ಮತ್ತು ಸಹಸ್ರಪಾಕ ತೈಲಗಳ ಹೊರತು ಬೇರೆಲ್ಲ ಅಭ್ಯಂಗಗಳನ್ನು ಬಿಡುತ್ತಾನೆ. ಮೈಗೆ ತಿಕ್ಕುವ ಪರಿಮಳದ ಹಿಟ್ಟಿಗೂ, ಸ್ನಾನದ ನೀರಿನ ಕೊಡಗಳಿಗೂ ಹೀಗೆಯೇ ಮಿತಿ ಹಾಕಿಕೊಳ್ಳುತ್ತಾನೆ. ದಿಗಂಬರ ಪರಂಪರೆಯಲ್ಲಿ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಭೋಗೋಪಭೋಗ ಪರಿಮಾಣ ವ್ರತವನ್ನು ವಿವರಿಸುವಾಗ ಸ್ನಾನ, ಅಂಗರಾಗ, ಹೂವು, ತಾಂಬೂಲಗಳನ್ನು ಭೋಜನ, ವಾಹನ, ಶಯನಗಳ ಸಾಲಿನಲ್ಲಿಯೇ ಇರಿಸುತ್ತದೆ. ಇವನ್ನು ಒಂದು ದಿನ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು ಹೀಗೆ ಅವಧಿ ಗೊತ್ತುಮಾಡಿ ಬಿಡುವುದು ನಿಯಮ. ಗೃಹಸ್ಥನಿಗೆ ಬೋಧಿಸಿದ್ದು ದೇಹದ್ವೇಷವಲ್ಲ, ಲೆಕ್ಕ. ಎಷ್ಟು ಬೇಕು, ಯಾವುದು ಸಾಕು ಎಂದು ಪ್ರತಿಯೊಬ್ಬನೂ ತನಗೆ ತಾನೇ ಕೇಳಿಕೊಳ್ಳಬೇಕಾದ ಲೆಕ್ಕ.

ಇನ್ನು ಸುಗಂಧತೈಲ ಎಂಬ ಶಬ್ದದ ಅರ್ಥ. ಇಲ್ಲಿ ಸಂಶೋಧಕರು ಎಚ್ಚರ ವಹಿಸಬೇಕು. ಕಲ್ಯಾಣದ ಚಾಲುಕ್ಯರ ಆಳ್ವಿಕೆಗೆ ಸೇಡಂ ಪ್ರದೇಶವೂ ಸೇರಿತ್ತು. ಆ ಕಾಲದ ಸೇಡಿಂಬದಲ್ಲಿ ಮುನ್ನೂರ್ವರು ಮಹಾಜನರು ಶಾಂತಿನಾಥ ಬಸದಿ ಕಟ್ಟಿಸಿದ ಸಂಗತಿಯನ್ನು ಪಿ.ಬಿ. ದೇಸಾಯಿಯವರು 1957ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಶಾಸನಗಳ ಆಧಾರದಿಂದ ಬೆಳಕಿಗೆ ತಂದರು. ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನ, ಅಲ್ಲಿನ ಸರಸ್ವತೀ ಭಂಡಾರಿಗರು 11ನೆಯ ಶತಮಾನದ ಶಾಸನದಿಂದ ಪ್ರಸಿದ್ಧರು. ಇದೇ ಚಾಲುಕ್ಯ ಪರಿಸರದಲ್ಲಿ ಎರಡನೆಯ ಚಾವುಂಡರಾಯನ ಲೋಕೋಪಕಾರವು ವೈದ್ಯ, ಪಾಕ, ವೃಕ್ಷಾಯುರ್ವೇದಗಳ ಜೊತೆಗೆ ಪರಿಮಳದ್ರವ್ಯಗಳಿಗೂ ಒಂದು ಅಧ್ಯಾಯ ಮೀಸಲಿಟ್ಟಿತು. ಮುಂದೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ರಾಜನ ಸ್ನಾನಭೋಗವನ್ನು ವರ್ಣಿಸುತ್ತ ಹೂಗಳ ಕಂಪು ಹಿಡಿಸಿದ ಎಳ್ಳಿನಿಂದ ತೆಗೆದ ಎಣ್ಣೆಯನ್ನು ಹೇಳಿತು. ಅಂದರೆ ಪ್ರಾಚೀನರ ಸುಗಂಧತೈಲವು ಮೂಲತಃ ಎಳ್ಳೆಣ್ಣೆ. ಹೂವು, ಬೇರು, ತೊಗಟೆಗಳ ಪರಿಮಳ ಅದರೊಳಗೆ ಇಳಿದಿರುತ್ತಿತ್ತು. ಇಂದಿನ ಸಾರತೈಲವು ಎಣ್ಣೆಯೇ ಅಲ್ಲ. ಸಸ್ಯಭಾಗವನ್ನು ಹಬೆಯಲ್ಲಿ ಬಟ್ಟಿ ಇಳಿಸಿ ಪಡೆದ, ಗಾಳಿಗೆ ಹಾರಿಹೋಗುವ, ಅತಿ ಸಾಂದ್ರವಾದ ದ್ರವ ಅದು. ಫ್ರಾನ್ಸಿನ ರಸಾಯನಜ್ಞ ಗಟ್‌ಫೋಸೆ 1937ರ ತನ್ನ ಪುಸ್ತಕಕ್ಕೆ ಅರೋಮಾಥೆರಪಿ ಎಂಬ ಹೆಸರಿಟ್ಟ ಮೇಲೆ ಆ ಶಬ್ದ ಲೋಕಕ್ಕೆ ಹರಡಿತು. ಮೈಸೂರು ಸಂಸ್ಥಾನದಲ್ಲಿ ಶ್ರೀಗಂಧದೆಣ್ಣೆಯನ್ನು ಕಾರ್ಖಾನೆಯಲ್ಲಿ ಬಟ್ಟಿ ಇಳಿಸತೊಡಗಿದ್ದು 1916ರಲ್ಲಿ. ಶತಪಾಕದ ಹೆಸರಿನಲ್ಲಿ ಲ್ಯಾವೆಂಡರಿನ ಸೀಸೆಯನ್ನು ಮಾರುವುದು ಚರಿತ್ರೆಯ ದೃಷ್ಟಿಯಿಂದ ತಪ್ಪು. ಹಾಗೆ ತಿಳಿದು ಅದನ್ನು ನೇರವಾಗಿ ಮೈಗೆ ಹಚ್ಚುವುದು ಚರ್ಮಕ್ಕೆ ಅಪಾಯ. ಸಾರತೈಲವನ್ನು ಎಳ್ಳೆಣ್ಣೆಯಂಥ ಆಧಾರ ತೈಲದಲ್ಲಿ ಕೆಲವೇ ಹನಿಗಳಷ್ಟು ಬೆರೆಸಿ ಬಳಸಬೇಕೆಂಬುದು ಆ ವಿದ್ಯೆಯ ಮೊದಲ ಪಾಠ.

ಈ ಭೇದವನ್ನು ಒಪ್ಪಿದ ಮೇಲೆ ಪ್ರಯೋಜನದ ಪ್ರಶ್ನೆಗೆ ಮರಳಬಹುದು. ಚರಕನು ಎಣ್ಣೆ ಹಚ್ಚಿದ ದೇಹವನ್ನು ಎಣ್ಣೆಯುಂಡ ಮಡಕೆ, ಚರ್ಮ ಮತ್ತು ಬಂಡಿಯ ಅಚ್ಚಿಗೆ ಹೋಲಿಸಿದ್ದಾನೆ. ವಾಗ್ಭಟನು ನಿತ್ಯಾಭ್ಯಂಗವು ಮುಪ್ಪು, ದಣಿವು, ವಾತಗಳನ್ನು ತಗ್ಗಿಸುತ್ತದೆಂದು ಹೇಳಿ, ತಲೆ, ಕಿವಿ ಮತ್ತು ಪಾದಗಳಿಗೆ ವಿಶೇಷವಾಗಿ ಹಚ್ಚಬೇಕೆನ್ನುತ್ತಾನೆ. ಕಫ ಹೆಚ್ಚಿದವರಿಗೂ ಅಜೀರ್ಣವಿದ್ದವರಿಗೂ ಬೇಡವೆಂದು ಎಚ್ಚರಿಸುತ್ತಾನೆ. ಆಧುನಿಕ ಪರೀಕ್ಷೆಗಳ ಮಾತೂ ಇದಕ್ಕೆ ತೀರ ದೂರವಿಲ್ಲ. ಸೊಂಟನೋವಿಗೆ ಅಂಗಮರ್ದನವನ್ನು ಕುರಿತ ಪ್ರಯೋಗಗಳನ್ನು ಕ್ರೋಢೀಕರಿಸಿದ 2015ರ ಕಾಕ್ರೇನ್ ಸಮೀಕ್ಷೆಯು ಅಲ್ಪಕಾಲದ ಉಪಶಮನವನ್ನು ಗುರುತಿಸಿ, ಅದಕ್ಕಿರುವ ಆಧಾರ ದುರ್ಬಲವೆಂದೂ ಹೇಳಿತು. ಪರಿಮಳ ಬೆರೆತ ಮರ್ದನದಿಂದ ಆತಂಕ ಸ್ವಲ್ಪ ಹೊತ್ತು ತಗ್ಗುತ್ತದೆಂದು ಹಲವು ಸಣ್ಣ ಪ್ರಯೋಗಗಳು ತೋರಿಸಿವೆ. ರೋಗ ಗುಣವಾಗುತ್ತದೆಂದು ತೋರಿಸಿಲ್ಲ. ಇಂಡಿಯನ್ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಸೀಮೆಯವರಿಗೆ ವಿಶೇಷ ಆಸಕ್ತಿಯದು. ಹಸುಗೂಸುಗಳಿಗೆ ಕುಸುಬೆ ಎಣ್ಣೆ ಮತ್ತು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದಾಗ ಎಣ್ಣೆಯ ಕೊಬ್ಬಿನಾಮ್ಲಗಳು ಚರ್ಮದ ಮೂಲಕ ರಕ್ತಕ್ಕೆ ಸೇರುವುದು ಕಂಡುಬಂತು. ಕುಸುಬೆ ಎಣ್ಣೆಯಿಂದ ಅವಶ್ಯಕ ಕೊಬ್ಬಿನಾಮ್ಲಗಳು ಹೆಚ್ಚಿದ್ದವು. ಕಪ್ಪು ನೆಲದ ಹಿಂಗಾರಿ ಬೆಳೆಯಾದ ಕುಸುಬೆಯ ಎಣ್ಣೆ ಬೆಲೆಬಾಳುವ ಸೀಸೆಯ ಮುಂದೆ ಕೀಳಲ್ಲವೆಂಬುದಕ್ಕೆ ಇದೊಂದು ಸಾಕ್ಷಿ. ಎಲುಬು, ಮಾಂಸ, ಚರ್ಮ, ರೋಮಗಳ ಸುಖ ಎಂಬ ಹಳೆಯ ಸೂತ್ರದ ಪರಿಧಿಯೊಳಗೇ ಇಂದಿನ ವಿಜ್ಞಾನವೂ ನಿಂತಿದೆ.

ಮಿತಿ ಮರೆತಾಗ ಏನಾಗುತ್ತದೆ? ಮಾನ್ಯಖೇಟದ ಕಾವ್ಯಪರಂಪರೆ ಇದಕ್ಕೆ ಮರೆಯಲಾಗದ ಉತ್ತರ ಕೊಟ್ಟಿದೆ. ಅಮೋಘವರ್ಷನ ಗುರುಗಳಾದ ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದಲ್ಲಿಯೂ, ಪಂಪನು 941ರಲ್ಲಿ ಕನ್ನಡದಲ್ಲಿ ರಚಿಸಿದ ಆದಿಪುರಾಣದಲ್ಲಿಯೂ ವಜ್ರಜಂಘ ಮತ್ತು ಶ್ರೀಮತಿಯರ ಮರಣದ ಪ್ರಸಂಗವಿದೆ. ಭವಾವಳಿಯ ಆ ಜನ್ಮದಲ್ಲಿ ದಂಪತಿಗಳಿಬ್ಬರೂ ಸುಗಂಧ ತುಂಬಿದ ಶಯ್ಯಾಗೃಹದಲ್ಲಿ ಮಲಗಿದ್ದಾರೆ. ಅಗರು ಧೂಪದ ಹೊಗೆ ಹೊರಗೆ ಹೋಗಲು ಗವಾಕ್ಷ ತೆರೆಯುವುದನ್ನು ಪರಿಚಾರಕರು ಮರೆತಿದ್ದಾರೆ. ಕಂಪಿನ ಹೊಗೆಯಲ್ಲಿ ಉಸಿರುಗಟ್ಟಿ ಇಬ್ಬರೂ ಒಟ್ಟಿಗೆ ಸಾಯುತ್ತಾರೆ. ವಿಮರ್ಶಕರು ಇದನ್ನು ಭೋಗದ ನಶ್ವರತೆಯ ಸಂಕೇತವೆಂದು ಓದುತ್ತ ಬಂದಿದ್ದಾರೆ. ಆ ಓದು ಸರಿಯಾದದ್ದೇ. ಆದರೆ ಅದರ ಲೌಕಿಕ ಸತ್ಯವನ್ನೂ ಗಮನಿಸಬೇಕು. ಕೊಂದದ್ದು ಪರಿಮಳವಲ್ಲ, ಮುಚ್ಚಿದ ಕಿಟಕಿ. ಇಂದಿಗೂ ಈ ಭಾಗದ ಹಳ್ಳಿಗಳಲ್ಲಿ ಬಾಣಂತಿಗೆ ಎಣ್ಣೆ ಹಚ್ಚಿ ಎರೆದ ಮೇಲೆ ಕೂಸಿಗೂ ತಾಯಿಗೂ ಲೋಬಾನದ ಹೊಗೆ ಹಾಕುವ, ಕೋಣೆಯೊಳಗೆ ಕೆಂಡವಿಡುವ, ಗಾಳಿ ತಾಗದಂತೆ ಕಿಟಕಿ ಮುಚ್ಚುವ ರೂಢಿಯಿದೆ. ಎಣ್ಣೆ ತಿಕ್ಕುವ ಅಜ್ಜಿಯ ಕೈಗೆ ಸಾಟಿಯಿಲ್ಲ; ಆದರೆ ಮುಚ್ಚಿದ ಕೋಣೆಯ ಕೆಂಡದಿಂದ ಹೊರಡುವ ವಿಷಾನಿಲಕ್ಕೆ ವಾಸನೆಯಿಲ್ಲ. ಕರ್ಪೂರ, ನೀಲಗಿರಿಯಂಥ ಎಣ್ಣೆಗಳು ಎಳೆಯ ಮಕ್ಕಳಲ್ಲಿ ಸೆಳೆವು ತರಬಲ್ಲವು. ಸಾವಿರ ವರ್ಷದ ಹಿಂದಿನ ಕವಿ ತೋರಿಸಿದ ಗವಾಕ್ಷವನ್ನು ಬಾಣಂತಿ ಕೋಣೆಯಲ್ಲಿ ತೆರೆದಿಡುವುದು ಆದಿಪುರಾಣದ ನಿಜವಾದ ಓದು.

ಅಹಿಂಸೆಯ ಪ್ರಶ್ನೆ ಇದರ ಇನ್ನೊಂದು ಮುಖ. ಪ್ರಾಚೀನ ಗಂಧಶಾಸ್ತ್ರದಲ್ಲಿ ಕಸ್ತೂರಿ ಮತ್ತು ಪುಣುಗಿಗೆ ಮೇಲಾದ ಸ್ಥಾನವಿತ್ತು. ಮೊದಲನೆಯದಕ್ಕೆ ಮೃಗವನ್ನು ಕೊಲ್ಲಬೇಕಾಗಿತ್ತು. ಎರಡನೆಯದಕ್ಕೆ ಪುಣುಗಿನ ಬೆಕ್ಕನ್ನು ಸೆರೆಯಿಟ್ಟು ಕಾಡಬೇಕಾಗಿತ್ತು. ಶ್ರೀಗಂಧದೆಣ್ಣೆ ಇರುವುದು ಮರದ ತಿರುಳಿನಲ್ಲಿ ಮತ್ತು ಬೇರಿನಲ್ಲಿ. ಅದನ್ನು ಪಡೆಯಲು ಮರವನ್ನು ಬೇರುಸಹಿತ ಕೀಳುತ್ತಾರೆ. ಉಗ್ರಾದಿತ್ಯರು ಮಾಂಸೌಷಧದ ವಿಷಯದಲ್ಲಿ ಎತ್ತಿದ ಪ್ರಶ್ನೆಯನ್ನು ಸುಗಂಧದ ವಿಷಯದಲ್ಲಿಯೂ ಎತ್ತಬೇಕಾಗುತ್ತದೆ. ಶ್ರಾವಕಾಚಾರವು ಎಳ್ಳು, ಕಬ್ಬುಗಳನ್ನು ಯಂತ್ರದಲ್ಲಿ ಅರೆಯುವ ಯಂತ್ರಪೀಡನವನ್ನು ಹದಿನೈದು ಕರ್ಮಾದಾನಗಳಲ್ಲಿ ಸೇರಿಸಿ ವರ್ಜ್ಯವೆಂದಿತು. ಆದರೆ ಗಾಣವಿಲ್ಲದೆ ಅಭ್ಯಂಗದ ಎಣ್ಣೆ ಎಲ್ಲಿಂದ ಬರಬೇಕು? ಎಣ್ಣೆಯನ್ನು ಬಳಸುವವನು ಶ್ರಾವಕ, ಗಾಣ ತಿರುಗಿಸುವವನು ಬೇರೊಬ್ಬ ಎಂದಾದಾಗ ವ್ರತದ ಭಾರ ಯಾರ ಹೆಗಲಿಗೆ ಬಿತ್ತು ಎಂಬುದು ಸಂಶೋಧಕರು ನಿರ್ಭಿಡೆಯಿಂದ ಪರಿಶೀಲಿಸಬೇಕಾದ ವಿಷಯ.

ಇದೇ ಪ್ರಶ್ನೆ ಮರ್ದನ ಮಾಡುವವನಿಗೂ ಅನ್ವಯಿಸುತ್ತದೆ. ಕಲ್ಪಸೂತ್ರವು ಅಂಗಮರ್ದಕರನ್ನು ಕುಶಲರು, ಮೃದುವಾದ ಅಂಗೈಯುಳ್ಳವರು, ದಣಿವನ್ನು ಗೆದ್ದವರು ಎಂದು ಬಣ್ಣಿಸುತ್ತದೆ. ಅವರ ಹೆಸರನ್ನು ಹೇಳುವುದಿಲ್ಲ. ಮಾನಸೋಲ್ಲಾಸದಲ್ಲಿಯೂ ದೇಹವೆಂದರೆ ರಾಜನ ದೇಹ. ಸುಖದ ವರ್ಣನೆ ಪಡೆದವರ ಕಡೆಯಿಂದ ಬಂದಿದೆ, ಕೊಟ್ಟವರ ಕಡೆಯಿಂದ ಬಂದಿಲ್ಲ. ಮಾನ್ಯಖೇಟದ ಸೀಮೆಯಲ್ಲಿ ಇಂದು ಅಭ್ಯಂಗದ ಅಗತ್ಯ ಯಾರಿಗೆ ಹೆಚ್ಚು ಎಂದು ಕೇಳಿದರೆ ಉತ್ತರ ಸ್ಪಷ್ಟ. ಶಹಾಬಾದದ ಗಣಿಗಳಲ್ಲಿ ಹಾರೆ ಸುತ್ತಿಗೆ ಹಿಡಿದು ಕಲ್ಲಿನ ಪದರ ಬಿಡಿಸುವವರು, ವಾಡಿ ಮತ್ತು ಮಳಖೇಡದ ಸಿಮೆಂಟು ಕಾರ್ಖಾನೆಗಳಲ್ಲಿ ಮೂಟೆ ಹೊರುವವರು, ಚಿಂಚೋಳಿ ಮತ್ತು ಚಿತ್ತಾಪುರದ ಹೊಲಗಳಲ್ಲಿ ಸೊಂಟ ಬಗ್ಗಿಸಿ ತೊಗರಿ ಕೊಯ್ಯುವ ಹೆಂಗಸರು. ಸಿಮೆಂಟಿನ ಕ್ಷಾರ ಚರ್ಮವನ್ನು ಒಣಗಿಸಿ ಬಿರಿಯಿಸುತ್ತದೆ. ಕಲ್ಲಿನ ಕೆಲಸ ಬೆನ್ನನ್ನು ಮುರಿಯುತ್ತದೆ. ಸಿದ್ಧಾರ್ಥ ರಾಜನ ದಣಿವು ಗರಡಿಯದು, ಇವರದು ಹೊಟ್ಟೆಪಾಡಿನದು. ಎಲುಬು, ಮಾಂಸ, ಚರ್ಮಗಳ ಸುಖವನ್ನು ಹೇಳಿದ ಸೂತ್ರ ಯಾರಿಗಾದರೂ ಹೊಂದುವುದಾದರೆ ಮೊದಲು ಇವರಿಗೆ ಹೊಂದಬೇಕು.

ಹಾಗೆಂದು ಎಣ್ಣೆಯ ಬಟ್ಟಲನ್ನು ನ್ಯಾಯದ ಬದಲಿಗೆ ಇಡಲಾಗದು. ಕೈಗವಸು, ಮುಖಗವಸು, ನಿಯಮಿತ ಆರೋಗ್ಯ ತಪಾಸಣೆ, ಸರಿಯಾದ ಕೂಲಿ, ವಿಶ್ರಾಂತಿಯ ಹೊತ್ತು ಇವು ಕಾರ್ಮಿಕನ ಹಕ್ಕುಗಳು. ಪುಪ್ಪುಸಕ್ಕೆ ಇಳಿದ ಧೂಳನ್ನು ಯಾವ ತೈಲವೂ ತೊಳೆಯದು. ಆದರೆ ವಾರಕ್ಕೊಮ್ಮೆ ಬೆಚ್ಚಗಿನ ಎಳ್ಳೆಣ್ಣೆಯನ್ನೋ ಕುಸುಬೆ ಎಣ್ಣೆಯನ್ನೋ ಬೆನ್ನು, ಮೊಣಕಾಲು, ಅಂಗಾಲುಗಳಿಗೆ ತಿಕ್ಕಿ ಎರೆದುಕೊಳ್ಳುವುದು ಬಡವನ ಕೈಗೆಟುಕುವ ಸುಖ. ಮನೆಯವರೇ ಒಬ್ಬರಿಗೊಬ್ಬರು ಮಾಡುವ ಈ ಉಪಚಾರದಲ್ಲಿ ಎಣ್ಣೆಯಷ್ಟೇ ಸ್ಪರ್ಶವೂ ಕೆಲಸ ಮಾಡುತ್ತದೆ. ಪರಿಮಳ ಬೇಕೆನಿಸಿದರೆ ಮಲ್ಲಿಗೆ, ಮರುಗ, ದವನಗಳ ಕಂಪು ಹಿಡಿಸಿದ ಎಣ್ಣೆ ಸಾಕು. ಪಾದಗಳಿಗೆ ವಿಶೇಷವಾಗಿ ಹಚ್ಚಬೇಕೆಂದ ವಾಗ್ಭಟನ ಮಾತು ಬರಿಗಾಲಲ್ಲಿ ಕಲ್ಲಿನ ಮೇಲೆ ನಡೆಯುವವರಿಗೆ ಹೇಳಿದಂತಿದೆ.

ಸಾಹಿತ್ಯದ ಸಂಶೋಧಕರಿಗೂ ಇಲ್ಲಿ ಕರ್ತವ್ಯವೊಂದು ಉಳಿದಿದೆ. ಕಲ್ಯಾಣಕಾರಕ, 12ನೆಯ ಶತಮಾನದಲ್ಲಿ ಪೂಜ್ಯಪಾದರ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಲೋಕೋಪಕಾರ ಇವುಗಳನ್ನು ಶಾಸ್ತ್ರಗ್ರಂಥಗಳೆಂದು ಬದಿಗಿಟ್ಟು ಚಂಪೂಗಳನ್ನು ಮಾತ್ರ ಕಾವ್ಯವೆಂದು ಓದುವ ಅಭ್ಯಾಸದಿಂದ ಒಂದು ಕಾಲದ ಜನ ದೇಹವನ್ನು ಹೇಗೆ ಕಂಡರು, ನೋವನ್ನು ಹೇಗೆ ಹೆಸರಿಸಿದರು ಎಂಬುದು ಕೈತಪ್ಪುತ್ತದೆ. ಇವುಗಳಲ್ಲಿನ ತೈಲ, ಲೇಪ, ಮೂಲಿಕೆಗಳ ಹೆಸರುಗಳನ್ನು ಸೇಡಂ, ಚಿಂಚೋಳಿ ಸೀಮೆಯ ಅಜ್ಜಿಯರು, ಸೂಲಗಿತ್ತಿಯರು, ಗಾಣಿಗರು ಇಂದೂ ಬಳಸುವ ಶಬ್ದಗಳೊಡನೆ ಹೋಲಿಸಿ ನೋಡುವ ಕೆಲಸವನ್ನು ಆ ತಲೆಮಾರು ಇರುವಾಗಲೇ ಮಾಡಬೇಕು. ಮಾನ್ಯಖೇಟವು 972ರಲ್ಲಿ ಪರಮಾರ ಸೀಯಕನ ಕೈಯಲ್ಲಿ ಸೂರೆಹೋದಾಗ ಅರಮನೆಯ ಭೋಗಗಳು ಅಳಿದವು. ಬಾಣಂತಿಯ ಮನೆಯ ಎಣ್ಣೆಯ ಬಟ್ಟಲು ಉಳಿಯಿತು. ಅಭ್ಯಂಗದ ಪ್ರಯೋಜನ ದೊಡ್ಡದಲ್ಲ, ಆದರೆ ನಿಜವಾದದ್ದು. ಅದನ್ನು ಇರುವುದಕ್ಕಿಂತ ಹಿಗ್ಗಿಸಿ ಮಾರುವುದೂ ಬೇಡ, ಕುಗ್ಗಿಸಿ ನಗುವುದೂ ಬೇಡ. ಬಿಡಬೇಕಾದದ್ದನ್ನು ಬಿಟ್ಟು, ಬೇಕಾದಷ್ಟನ್ನು ಉಳಿಸಿಕೊಂಡ ಆನಂದ ಶ್ರಾವಕನ ಅಳತೆಯೇ ಇದಕ್ಕೆ ತಕ್ಕ ಅಳತೆ.